ಮೈಕಿನಲ್ಲಿ ಬಾರದ ಹೆಸರು

ಸೊರಬ
18 ನವೆಂಬರ್ 2024

ಲೋಕಮ್ಮನವರಿಗೆ,

ನಿನ್ನೆ ತಾಳಗುಂದದ ಅಂಗನವಾಡಿಯಲ್ಲಿ ನಮ್ಮ ಹಣದ ಲೆಕ್ಕದ ತರಗತಿ ಮುಗಿಯುವಾಗ ನೀವು ಕೇಳಿದಿರಿ, "ಮೇಡಂ, ನನ್ ಕೈಲಿ ಗಿರಣಿ ತಗಳಾಕೆ ಆಗ್ತದೇನ್ರೀ?" ಅಂತ. ಹದಿನಾಲ್ಕು ಹೆಂಗಸರ ಮುಂದೆ ಒಬ್ಬರ ಮನೆಯ ಖರ್ಚು ಬಿಚ್ಚಿ ಹರಡುವುದು ಬೇಡವೆಂದು ಆಗ ಸುಮ್ಮನಾದೆ. ಫೋನು ಮಾಡೋಣವೆಂದರೆ, ಹಣದ ಮಾತು ಫೋನಿನಲ್ಲಿ ಬೇಡ ಎಂದು ತರಗತಿಯ ಮೊದಲ ನಿಯಮ ಮಾಡಿದವಳೇ ನಾನು. ಆ ಕಡೆ ಮಾತಾಡುವವರು ಯಾರೋ, ಪಕ್ಕದಲ್ಲಿ ಕಿವಿಗೊಟ್ಟವರು ಯಾರೋ. ಹಾಗಾಗಿ ಈ ಕಾಗದ. ನೀವೂ ಕಾಗದದಲ್ಲೇ ಉತ್ತರ ಬರೆಯಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ ಎಂಬ ನೆಪ ನನ್ನ ಹತ್ತಿರ ನಡೆಯುವುದಿಲ್ಲ.

ಉತ್ತರ: ಆಗುತ್ತದೆ. ಸದಾಶಿವಪ್ಪನವರು ಹಿಟ್ಟಿನ ಗಿರಣಿಗೆ ಕೇಳುತ್ತಿರುವುದು ಒಂದು ಲಕ್ಷ ಅರವತ್ತು ಸಾವಿರ. ಯುಗಾದಿಯವರೆಗೆ ನಿಮಗಾಗಿ ಕಾಯುತ್ತಾರೆ, ಆಮೇಲೆ ಬೇರೆಯವರಿಗೆ ಕೊಟ್ಟು ದಾವಣಗೆರೆಯ ಮಗಳ ಮನೆಗೆ ಹೋಗುತ್ತಾರೆ. ಅಂಚೆ ಕಚೇರಿಯಲ್ಲಿ ನಿಮ್ಮದು ಎಪ್ಪತ್ತು ಸಾವಿರ ಇದೆ. ಸದಸ್ಯರೆಲ್ಲ ಸಹಿ ಹಾಕಿದರೆ ನಿಮ್ಮ ಮಹಿಳಾ ಸಂಘದಿಂದ ಅರವತ್ತು ಸಾವಿರ ಸಾಲ ಸಿಗುತ್ತದೆ. ಉಳಿದ ಮೂವತ್ತು ಸಾವಿರವನ್ನು ನಾಲ್ಕೂವರೆ ತಿಂಗಳಲ್ಲಿ ಉಳಿಸಬೇಕು. ಶಾಲೆಯ ಬಿಸಿಯೂಟದ ಸಂಬಳ, ನೀವು ರೊಟ್ಟಿ ಮಾರುವ ದುಡ್ಡು, ನಿಮ್ಮ ಯಜಮಾನರ ಮೆಕ್ಕೆಜೋಳ ಎಲ್ಲ ಸೇರಿಸಿ ನೋಡಿದೆ. ಕಷ್ಟ, ಆದರೆ ಆಗುತ್ತದೆ.

ನೀವು ಕೊಟ್ಟ ಖರ್ಚಿನ ಪಟ್ಟಿಯನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ಒಂದು ಸಾಲಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೇನೆ: ಮುಯ್ಯಿ, ವರ್ಷಕ್ಕೆ ಹದಿನಾಲ್ಕು ಸಾವಿರ. ಲೋಕಮ್ಮ, ಹದಿನಾಲ್ಕು ಸಾವಿರ! ಮದುವೆ ಮನೆಯ ಮೇಜಿನ ಮೇಲೆ ದುಡ್ಡಿಟ್ಟು, ಅವರ ನೋಟ್‌ಬುಕ್ಕಿನಲ್ಲಿ ಹೆಸರು ಬರೆಸಿ, ಮೈಕಿನಲ್ಲಿ ಕೂಗಿಸಿಕೊಂಡು ಬರುವುದಕ್ಕೆ ಇಷ್ಟು ತೆರುತ್ತೀರಾ? ಈ ವರ್ಷ ಅದು ಪೂರ್ತಿ ನಿಲ್ಲಲಿ. ಉಳಿಸಬೇಕಾದ ಮೂವತ್ತು ಸಾವಿರದಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲೇ ಸಿಗುತ್ತದೆ.

ನಿಮ್ಮ ಒಳ್ಳೆಯದನ್ನು ಬಯಸುವ,
ಶ್ರೀವಾಣಿ


ತಾಳಗುಂದ
29-11-2024

ಶ್ರೀವಾಣಿ ಮೇಡಂ ಅವರಿಗೆ ನಮಸ್ಕಾರ.

ಈ ಕಾಗದವನ್ನು ಮೂರು ಸಲ ಬರೆದು ಹರಿದು ನಾಲ್ಕನೇ ಸಲ ಬರೆಯುತ್ತಿದ್ದೇನೆ. ತಪ್ಪಿದ್ದರೆ ಕೆಂಪು ಪೆನ್ನು ಹಾಕಬೇಡಿ, ಅದನ್ನು ಕಂಡರೆ ನನಗೆ ಶಾಲೆಯ ದಿನಗಳು ನೆನಪಾಗಿ ಕೈ ಬೆವರುತ್ತದೆ.

ನೀವು ಹೇಳಿದಂತೆ ಟೀ ಪುಡಿಯಿಂದ ಹಿಡಿದು ಬಸ್ ಚಾರ್ಜಿನವರೆಗೆ ದಿನಾ ಬರೆದಿಡುತ್ತಿದ್ದೇನೆ. ನಮ್ಮ ಯಜಮಾನರ ಎಲೆ ಅಡಿಕೆಯ ಖರ್ಚು ತಿಂಗಳಿಗೆ ಒಂಬೈನೂರು ಎಂದು ಈಗ ಗೊತ್ತಾಯಿತು. ಅವರಿಗೂ ಈಗಲೇ ಗೊತ್ತಾದದ್ದು. ಎರಡು ದಿನ ಬಾಯಿ ಮುಚ್ಚಿಕೊಂಡು ಓಡಾಡಿದರು, ಮಾತೂ ಇಲ್ಲ, ಎಲೆಯೂ ಇಲ್ಲ.

ಮುಯ್ಯಿ ಒಂದನ್ನು ಬಿಡುವುದು ಹೇಗೆಂದು ಮಾತ್ರ ತಿಳಿಯುತ್ತಿಲ್ಲ. ಯಜಮಾನರನ್ನು ಕೇಳಿದೆ. "ಆಯಮ್ಮ ಇಪ್ಪತ್ತೊಂಬತ್ತು ವರ್ಷ ಬ್ಯಾಂಕಿನಾಗ ಇದ್ದೋರು, ಅವ್ರಿಗೆ ಗೊತ್ತಿರ್ತದೆ. ನಿಂಗೆ ಗಿರಣಿ ಬೇಕೋ, ಮೈಕಿನಾಗ ಹೆಸ್ರು ಬೇಕೋ?" ಅಂದರು.

ಗಿರಣಿ ಬೇಕು ಮೇಡಂ. ಇಪ್ಪತ್ತು ವರ್ಷದಿಂದ ಬೇರೆಯವರ ಗಿರಣಿಯ ಮುಂದೆ ಡಬ್ಬಿ ಇಟ್ಟು ಸರದಿ ಕಾದಿದ್ದೇನೆ. ಒಂದು ದಿನವಾದರೂ ಬೆಲ್ಟು ಹಾಕಿ, ಸ್ವಿಚ್ಚು ಒತ್ತಿ, "ಯಾರದು ಮೊದ್ಲು?" ಎಂದು ನಾನು ಕೇಳಬೇಕು. ಅದಕ್ಕೆ ನೀವು ಹೇಳಿದಂತೆಯೇ ಆಗಲಿ.

ಇತಿ,
ಲೋಕಮ್ಮ ಮಾಸ್ತಪ್ಪ


ಸೊರಬ
9 ಡಿಸೆಂಬರ್ 2024

ಲೋಕಮ್ಮನವರಿಗೆ,

ನಿಮ್ಮ ಕಾಗದದಲ್ಲಿ ತಪ್ಪು ಹುಡುಕಿದೆ, ನಾಲ್ಕೇ ಸಿಕ್ಕವು. ನಮ್ಮ ಬ್ಯಾಂಕಿನ ಮ್ಯಾನೇಜರುಗಳು ಇದಕ್ಕಿಂತ ಹೆಚ್ಚು ಮಾಡುತ್ತಿದ್ದರು.

ಮುಯ್ಯಿ ಬಿಡುವುದು ಹೇಗೆ ಎಂದು ಕೇಳಿದ್ದೀರಿ. ಬಹಳ ಸುಲಭ. ಮದುವೆಗೆ ಹೋಗಿ, ಅಕ್ಷತೆ ಹಾಕಿ, ಉಂಡು ಬನ್ನಿ. ಮೇಜಿನ ಕಡೆ ತಿರುಗಬೇಡಿ. ಮೊದಲ ಸಲ ಮುಜುಗರವಾಗುತ್ತದೆ, ಮೂರನೆಯ ಸಲಕ್ಕೆ ಅಭ್ಯಾಸವಾಗುತ್ತದೆ.

ನಾನೇಕೆ ಸಂಬಳವಿಲ್ಲದೆ, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ನಿಮ್ಮೂರಿಗೆ ಬರುತ್ತೇನೆಂದು ನಿಮ್ಮ ಸಂಘದ ಹುಲಿಗೆಮ್ಮನವರು ಕೇಳಿದ್ದರು. ಬ್ಯಾಂಕಿನ ಕೌಂಟರಿನ ಹಿಂದೆ ಕೂತವಳು ನಾನು. ಏನು ಬರೆದಿದೆ ಎಂದು ಕೇಳದೆ, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಹೋದ ಹೆಂಗಸರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಹಿಂದೆ ಸರತಿ ಉದ್ದವಿರುತ್ತಿತ್ತು, ಬಿಡಿಸಿ ಹೇಳಲು ನನಗೆ ಪುರುಸೊತ್ತಿರಲಿಲ್ಲ. ಈಗ ಇದೆ. ಸೊರಬದಲ್ಲೂ ಒಂದು ತರಗತಿ ಶುರು ಮಾಡುವ ಆಸೆ ಇದೆ. ನಮ್ಮ ಮನೆಯ ಮುಂದಿನ ಕೋಣೆ ಖಾಲಿ ಬಿದ್ದಿದೆ. ಆದರೆ ಈ ಬೀದಿಯಲ್ಲಿ ನನ್ನ ಮನೆಯ ಮೆಟ್ಟಿಲು ಹತ್ತುವವರು ಕಡಿಮೆ. ಇರಲಿ, ಮೊದಲು ನಿಮ್ಮ ಗಿರಣಿ ತಿರುಗಲಿ.

ಶ್ರೀವಾಣಿ


ತಾಳಗುಂದ
12-2-2025

ಮೇಡಂ ಅವರಿಗೆ,

ಇಲ್ಲಿಯವರೆಗೆ ಇಪ್ಪತ್ತಮೂರು ಸಾವಿರ ಉಳಿದಿದೆ. ಖುಷಿಯ ಸುದ್ದಿ ಇದೊಂದೇ, ಅದಕ್ಕೇ ಮೊದಲು ಬರೆದೆ.

ನೀವು ಹೇಳಿದಂತೆ ಮೂರು ಮದುವೆಗೆ ಮುಯ್ಯಿ ಮಾಡದೆ ಬಂದೆ. ಅವು ಬೇರೆ ಊರಿನವು, ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಕಳೆದ ಗುರುವಾರದ್ದು ಹುಲಿಗೆಮ್ಮಕ್ಕನ ಮಗಳ ಮದುವೆ. ನಮ್ಮ ಸಂಘದ ಅಧ್ಯಕ್ಷೆ, ನಿಮ್ಮ ತರಗತಿಯಲ್ಲಿ ಮುಂದೆ ಕೂತು ಸದಾ ಕನ್ನಡಕ ಒರೆಸುತ್ತಾರಲ್ಲ, ಅವರೇ.

ನಾವು ಊಟಕ್ಕೆ ಕೂತಾಗ ನಮ್ಮೂರ ಹುಡುಗ ಚನ್ನೇಶ್ ಮೈಕಿನಲ್ಲಿ ಮುಯ್ಯಿ ಓದುತ್ತಿದ್ದ. ನಮ್ಮ ಓಣಿಯದು ಮನೆ ಹಿಡಿದು ಬಂತು. ನಮ್ಮ ಎಡಗಡೆ ಮನೆಯವರದು ಬಂತು, ಬಲಗಡೆಯವರದೂ ಬಂತು. ನಡುವಿನದು ಬರಲಿಲ್ಲ. ಪಕ್ಕದ ಎಲೆಯಲ್ಲಿದ್ದ ಸಾವಿತ್ರಿಬಾಯಿ, "ಲೋಕಮ್ಮ, ನಿಂದು ಓದಾದು ಮರ್ತಾನೆ ಕಣೇ, ಹೋಗಿ ಹೇಳು" ಅಂದಳು. ನಾನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ. ಅವಳಿಗೆ ಅರ್ಥವಾಯಿತು. ಆಮೇಲೆ ಪಂಕ್ತಿಗೆಲ್ಲ ಅರ್ಥವಾಯಿತು.

ಸೋಮವಾರ ಸಂಘದ ಸಭೆಯಲ್ಲಿ ನನ್ನ ಸಾಲದ ಅರ್ಜಿ ಬಂತು. ಹುಲಿಗೆಮ್ಮಕ್ಕ ಕನ್ನಡಕ ತೆಗೆದಿಟ್ಟು ಹೇಳಿದರು: "ಮುಯ್ಯಿ ತೀರ್ಸದೇ ಇರೋ ಕೈ ಸಾಲ ತೀರಿಸ್ತದೆ ಅಂತ ಹೆಂಗ್ ನಂಬಾದು?" ಒಬ್ಬರೂ ಸಹಿ ಹಾಕಲಿಲ್ಲ. ಸಾಲವಿಲ್ಲದಿದ್ದರೆ ಗಿರಣಿ ಇಲ್ಲ.

ಭಾನುವಾರದ ತರಗತಿಗೆ ಯಾರೂ ಬರುವುದಿಲ್ಲವಂತೆ. ಬಸ್ ಚಾರ್ಜು ದಂಡ ಮಾಡಿಕೊಳ್ಳಬೇಡಿ.

ಲೋಕಮ್ಮ


ಸೊರಬ
14 ಫೆಬ್ರುವರಿ 2025

ಲೋಕಮ್ಮನವರಿಗೆ,

ನಿಮ್ಮ ಕಾಗದ ಓದಿ ಸಿಟ್ಟು ಬಂತು. ಮುಯ್ಯಿ ಎಂದರೆ ಉಡುಗೊರೆ. ಉಡುಗೊರೆ ಕೊಡದವರನ್ನು ಸಾಲ ಮುಳುಗಿಸಿದವರಂತೆ ನೋಡುವುದು ಯಾವ ನ್ಯಾಯ? ಹುಲಿಗೆಮ್ಮನವರಿಗೆ ನಾನು ಹೇಳಿದೆನೆಂದೇ ಹೇಳಿ. ನೀವು ತಲೆ ತಗ್ಗಿಸಬೇಕಾದ್ದು ಏನೂ ಇಲ್ಲ. ಭಾನುವಾರ ನಾನು ಬಂದೇ ಬರುತ್ತೇನೆ.

ಶ್ರೀವಾಣಿ


ತಾಳಗುಂದ
24-2-2025

ಮೇಡಂ ಅವರಿಗೆ,

ಆ ಭಾನುವಾರ ನೀವು ಬಂದು, ಖಾಲಿ ಅಂಗನವಾಡಿಯಲ್ಲಿ ಒಂದು ಗಂಟೆ ಕೂತು, ಬೋರ್ಡು ಒರೆಸಿ ಹೋದಿರಂತೆ. ನಾನು ಮನೆಯಲ್ಲೇ ಇದ್ದೆ. ಬರಲಿಲ್ಲ. ನನಗೆ ನಿಮ್ಮ ಮೇಲೆ ಸಿಟ್ಟಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಉಡುಗೊರೆ ಎಂದು ಬರೆದಿದ್ದೀರಿ. ದೀಪಾವಳಿಗೆ ನಮ್ಮ ಮನೆಗೆ ಬಂದಾಗ ನೀವು ಒಂದು ಬಾಗಿಲು ತಳ್ಳಿಕೊಂಡು ಒಳಗೆ ಬಂದಿರಲ್ಲ, ನೆನಪಿದೆಯೇ? 2016ರಲ್ಲಿ ಮನೆ ಒಕ್ಕಲು ಮಾಡುವಾಗ ನಮಗೆ ಬಾಗಿಲಿಗೆ ದುಡ್ಡಿರಲಿಲ್ಲ, ಗೋಣಿಚೀಲ ಇಳಿಬಿಟ್ಟಿದ್ದೆವು. ಆವತ್ತು ಬಂದ ಮುಯ್ಯಿಯಲ್ಲಿ ಬಾಗಿಲು ಕೂಡಿಸಿದೆವು. ಅದರಲ್ಲಿ ಹುಲಿಗೆಮ್ಮಕ್ಕನದೇ ಸಾವಿರದ ಒಂದು. ಆಗ ಅವರ ಮನೆಯಲ್ಲೂ ಇರಲಿಲ್ಲ, ಮೇಕೆ ಮಾರಿ ತಂದಿದ್ದರು. ಅವರ ಮನೆಯ ಕಾರ್ಯಕ್ಕೆ ಅದರ ಮೇಲೆ ಸ್ವಲ್ಪ ಸೇರಿಸಿ ತೀರಿಸುವುದು ನನ್ನ ಪಾಲಿಗೆ ಬಂದದ್ದು. ನಾನು ಅವರ ಮನೆಯಲ್ಲಿ ಉಂಡು ಕೈ ತೊಳೆದುಕೊಂಡು ಬಂದೆ.

ನಮ್ಮ ಮುಯ್ಯಿ ಪುಸ್ತಕವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನನ್ನ ಮದುವೆಯಿಂದ ಈಚಿನದೆಲ್ಲ ಇದೆ. ಎಡಗಡೆ ಬಂದದ್ದು, ಬಲಗಡೆ ಮಾಡಿದ್ದು, ತೀರಿದ್ದಕ್ಕೆ ಪೆನ್ಸಿಲಿನ ಗೆರೆ. ನೀವು ತರಗತಿಯಲ್ಲಿ ಎರಡು ಕಾಲಮ್ಮು ಹಾಕುವುದನ್ನು ಕಲಿಸಿದಾಗ ನಾವೆಲ್ಲ ಯಾಕೆ ನಕ್ಕೆವೆಂದು ಆಗ ಕೇಳಿದ್ದಿರಿ. ಇದಕ್ಕೇ.

ಓದಿ, ಜೋಪಾನವಾಗಿ ವಾಪಸ್ ಕಳಿಸಿ. ಸದಾಶಿವಪ್ಪನವರು ಇನ್ನು ಐದು ವಾರ ಮಾತ್ರ ಕಾಯುತ್ತಾರೆ.

ಲೋಕಮ್ಮ


ಸೊರಬ
2 ಮಾರ್ಚ್ 2025

ಲೋಕಮ್ಮ,

ಪುಸ್ತಕ ತಲುಪಿತು. ಎರಡು ಸಲ ಓದಿದೆ. ತಪ್ಪು ನನ್ನದು, ಪೂರ್ತಿ ನನ್ನದು.

ಇಪ್ಪತ್ತೊಂಬತ್ತು ವರ್ಷ ಸಾಲ ಕೊಟ್ಟು ವಸೂಲಿ ಮಾಡಿದವಳು ನಾನು. ಸಾಲದ ಕಂತು ಕಣ್ಣ ಮುಂದೆಯೇ ಇತ್ತು, ಅದನ್ನು ಖರ್ಚು ಎಂದು ಓದಿ ಕಟ್ಟಬೇಡ ಎಂದೆ. ಇದೇ ಕೆಲಸವನ್ನು ಬ್ಯಾಂಕಿನಲ್ಲಿ ಮಾಡಿದ್ದರೆ ಮನೆಗೆ ಕಳಿಸುತ್ತಿದ್ದರು. ಮುಯ್ಯಿ ಎಂದರೇನು ಎಂದು ನಿಮ್ಮನ್ನು ಒಂದು ಮಾತು ಕೇಳಲಿಲ್ಲ, ಅದು ನನಗೆ ಗೊತ್ತು ಎಂದುಕೊಂಡಿದ್ದೆ.

ಯಾಕೆ ಹಾಗಂದುಕೊಂಡೆ ಎಂದು ನಿಮಗೆ ಹೇಳಬೇಕು. ನನ್ನ ಹತ್ತಿರವೂ ಒಂದು ಮುಯ್ಯಿ ಪುಸ್ತಕ ಇತ್ತು. ಮದುವೆ, ಮುಂಜಿ, ನಾಮಕರಣ, ಗೃಹಪ್ರವೇಶ ಎಲ್ಲ ಸೇರಿ ಇನ್ನೂರ ಹನ್ನೆರಡು ಕಾರ್ಯಕ್ಕೆ ಮುಯ್ಯಿ ಮಾಡಿದ್ದೇನೆ. ಎಡಗಡೆ ಪುಟಗಳು ಕೊನೆಯವರೆಗೂ ಖಾಲಿ. ನಾನು ಮದುವೆಯಾಗಲಿಲ್ಲ, ಮನೆ ಅಪ್ಪ ಕಟ್ಟಿಸಿದ್ದು, ನನ್ನ ಹೆಸರಿನಲ್ಲಿ ಯಾರನ್ನಾದರೂ ಕರೆಯುವಂಥ ಕಾರ್ಯ ಈ ಮನೆಯಲ್ಲಿ ಆಗಲೇ ಇಲ್ಲ. ನಿವೃತ್ತಿಯಾದ ವಾರ ಆ ಪುಸ್ತಕವನ್ನು ರದ್ದಿಗೆ ಹಾಕಿದೆ. ನಿಮ್ಮ ಪಟ್ಟಿಯಲ್ಲಿ ಮುಯ್ಯಿ ಎಂಬ ಅಕ್ಷರ ಕಂಡಾಗ ಆ ಸಿಟ್ಟೆಲ್ಲ ಕೆಂಪು ಪೆನ್ನಿಗೆ ಬಂತು. ನನಗೆ ದುಃಖವಿತ್ತು ಲೋಕಮ್ಮ. ಅದನ್ನು ನಿಮಗೆ ಪಾಠವೆಂದು ಹೇಳಿಕೊಟ್ಟೆ.

ಈಗ ಬೇರೆ ಪಾಠ. ಇದನ್ನು ನಿಮ್ಮ ಪುಸ್ತಕ ನೋಡಿಯೇ ಹೇಳುತ್ತಿದ್ದೇನೆ. ವರ್ಷದ ಹದಿನಾಲ್ಕು ಸಾವಿರದಲ್ಲಿ ಎಂಟೂವರೆ ಸಾವಿರ ನಿಜವಾದ ಬಾಕಿ, ಅದನ್ನು ಮೊದಲು ತೀರಿಸಬೇಕು. ಉಳಿದ ಐದೂವರೆ ಸಾವಿರ ಹೋದ ಮನೆಗಳ ಹೆಸರು ಎಡಗಡೆ ಎಲ್ಲೂ ಇಲ್ಲ. ಗೊಬ್ಬರದಂಗಡಿ ಸಾಹುಕಾರರ ಮನೆಗೆ ನೀವು ಮೂರು ಸಲ ಮಾಡಿದ್ದೀರಿ. ಅವರು ನಿಮ್ಮ ಮನೆ ಒಕ್ಕಲಿಗೆ ಬಂದಿದ್ದರೇ? ಅದಕ್ಕೆ ಕೆಂಪು ಪೆನ್ನು ಹಾಕಿದ್ದೇನೆ, ಈ ಸಲ ಹಿಂದೆಗೆಯುವುದಿಲ್ಲ. ಇನ್ನೊಂದು ಮಾತು. ನೀವು ಮುಯ್ಯಿ ಮಾಡಿದ ಮನೆಗಳಲ್ಲಿ ಮೂವತ್ತೊಂದು ಮನೆಯವರದು ನಿಮಗೆ ಇನ್ನೂ ವಾಪಸ್ ಬಂದಿಲ್ಲ. ನೀವು ಒಂಬತ್ತು ವರ್ಷದಿಂದ ಯಾರನ್ನೂ ಯಾವ ಕಾರ್ಯಕ್ಕೂ ಕರೆದೇ ಇಲ್ಲವಲ್ಲ.

ಮುಂದಿನ ಭಾನುವಾರ ಬಂದು, ಹುಲಿಗೆಮ್ಮನವರ ಮುಂದೆ ನಿಂತು ತಪ್ಪು ನನ್ನದೆಂದು ಹೇಳುತ್ತೇನೆ.

ಶ್ರೀವಾಣಿ


ತಾಳಗುಂದ
20-3-2025

ಶ್ರೀವಾಣಿ ಮೇಡಂಗೆ,

ಒಂಬತ್ತನೇ ತಾರೀಕು ಬರಬೇಡಿ ಎಂದು ಎರಡೇ ಸಾಲು ಬರೆದು ಕಳಿಸಿದ್ದೆ. ಬೇಜಾರು ಮಾಡಿಕೊಂಡಿರೇನೋ. ಮುಯ್ಯಿ ನಾನು ತಪ್ಪಿಸಿದ್ದು, ನಿಮ್ಮನ್ನು ಮುಂದೆ ಬಿಟ್ಟು ಹಿಂದೆ ನಿಂತುಕೊಳ್ಳಲು ಮನಸ್ಸು ಬರಲಿಲ್ಲ. ಮೊದಲು ಆ ಮೂರು ಮನೆಗೆ ಹೋಗಿ ತೀರಿಸಿ, ಕೊನೆಗೆ ಹುಲಿಗೆಮ್ಮಕ್ಕನ ಮನೆಗೆ ಹೋದೆ.

ಅವರು ಅಂಗಳದಲ್ಲಿ ಮೆಕ್ಕೆಜೋಳ ಬಿಡಿಸುತ್ತಿದ್ದರು. ಕೂರು ಎನ್ನಲಿಲ್ಲ.

"ಏನವ್ವ, ಬ್ಯಾಂಕ್ ಮುಚ್ತೇನು?" ಅಂದರು.

"ತಡ ಆತು ಹುಲಿಗೆಮ್ಮಕ್ಕ. ಸಾವಿರದ ಐನೂರ ಒಂದು ತಂದೀನಿ. ತಡಕ್ಕೆ ಬಡ್ಡಿ ಅಂತ ಇನ್ನೂರು ಬ್ಯಾರೆ ಐತಿ."

"ಮುಯ್ಯಿಗೆ ಬಡ್ಡಿ ಯಾರು ತಗಂತಾರೆ? ಆ ಇನ್ನೂರು ಒಳಗಿಟ್ಕ." ಇನ್ನೊಂದು ತೆನೆ ಕೈಗೆತ್ತಿಕೊಂಡು, "ನೀ ದುಡ್ಡು ಕೊಡ್ಲಿಲ್ಲ ಅಂತ ನಂಗೆ ಬ್ಯಾಸರ ಇಲ್ಲ. ಇಲ್ಲ ಅಂತ ಒಂದು ಮಾತು ಬಂದು ಹೇಳಿದ್ರೆ ಆಗ್ತಿತ್ತು. ಮೈಕಿನಾಗ ನಿನ್ ಹೆಸ್ರು ಬರ್ಲಿಲ್ಲ, ನನ್ ಮಗಳು 'ಲೋಕತ್ತಿ ಯಾಕ್ ಬಂದಿಲ್ಲಮ್ಮ' ಅಂತ ಕೇಳಿದ್ಲು" ಅಂದರು.

ನನಗೆ ಅಳು ಬಂತು. ಅವರು ಅಳಲು ಬಿಡಲಿಲ್ಲ.

"ಈಗ ಮೈಕ್ ಇಲ್ಲ. ನೀನೇ ಕೂಗು."

"ಇಲ್ಲೇನ್ರೀ?"

"ಇಲ್ಲೇ. ಓಣಿಗೆಲ್ಲ ಕೇಳ್ಬೇಕು."

ಮೇಡಂ, ನಾನು ಅಂಗಳದ ನಡುವೆ ನಿಂತು ಕೂಗಿದೆ. "ತಾಳಗುಂದದ ಲೋಕಮ್ಮ ಮಾಸ್ತಪ್ಪನವರಿಂದ ಒಂದು ಸಾವಿರದ ಐನೂರ ಒಂದು ರೂಪಾಯೀ!" ಮರದ ಮೇಲಿನ ಕಾಗೆ ಹಾರಿಹೋಯಿತು. ಆ ಕಡೆ ಮನೆಯಿಂದ ಸಾವಿತ್ರಿಬಾಯಿ "ಬರ್ಕಂಡೆ!" ಎಂದು ಕೂಗಿದಳು. ಹುಲಿಗೆಮ್ಮಕ್ಕ ನಗುತ್ತಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಆಮೇಲಿನ ಬುಧವಾರ ಸಂಘದಲ್ಲಿ ಹದಿನಾಲ್ಕೂ ಸಹಿ ಬಿತ್ತು. ಮುಯ್ಯಿ ತೀರಿಸಿದ್ದಕ್ಕೆ ಉಳಿತಾಯದಲ್ಲಿ ನಾಲ್ಕು ಸಾವಿರ ಕಡಿಮೆಯಾಗಿತ್ತು, ಅದಕ್ಕೆ ಅರವತ್ತರ ಬದಲು ಅರವತ್ತನಾಲ್ಕು ಕೊಟ್ಟರು. ಯುಗಾದಿಯ ದಿನ ಸದಾಶಿವಪ್ಪನವರು ಕೀಲಿಕೈ ಕೊಡುತ್ತಾರೆ. ಏಪ್ರಿಲ್ ಹದಿಮೂರು, ಭಾನುವಾರ ಗಿರಣಿ ಪೂಜೆ. ಒಂಬತ್ತು ವರ್ಷದ ಮೇಲೆ ಕರೆಯುತ್ತಿದ್ದೇನೆ. ಆ ಮೂವತ್ತೊಂದು ಮನೆಗೂ ಹೇಳಿದ್ದೇನೆ. ನೀವು ಬರಲೇಬೇಕು.

ಲೋಕಮ್ಮ


ತಾಳಗುಂದ
17-4-2025

ಶ್ರೀವಾಣಕ್ಕನಿಗೆ,

ಇನ್ನು ಮೇಲೆ ಹೀಗೇ ಕರೆಯುತ್ತೇನೆ, ಕೆಂಪು ಪೆನ್ನು ಹಾಕಬೇಡಿ.

ಪೂಜೆಯ ದಿನ ನೀವು ನಾಲ್ಕರ ಬಸ್ಸಿಗೆ ಹೊರಟು ಹೋದಿರಿ. ಹೋಗುವ ಮೊದಲು ಯಾರಿಗೂ ಕಾಣದ ಹಾಗೆ ಮೇಜಿನ ಮೇಲೆ ಒಂದು ಲಕೋಟೆ ಇಟ್ಟಿರಿ. ಕಾಣಲಿಲ್ಲ ಎಂದುಕೊಂಡಿರಾ? ನೀವು ಬಸ್ ಸ್ಟಾಪಿಗೆ ಮುಟ್ಟುವ ಮೊದಲೇ ಚನ್ನೇಶ್ ಮೈಕಿನಲ್ಲಿ ಓದಿದ: "ಸೊರಬದ ಶ್ರೀವಾಣಿ ಮೇಡಂ ಅವರಿಂದ ಒಂದು ಸಾವಿರದ ಒಂದು ರೂಪಾಯಿ." ನಿಮಗೆ ಕೇಳಿಸಿತೋ ಇಲ್ಲವೋ.

ಒಟ್ಟು ಬಂದದ್ದು ಮೂವತ್ತೆಂಟು ಸಾವಿರದ ನಾನೂರು. ಹಳೆಯ ಬಾಕಿ ಬಂದದ್ದು ಎಷ್ಟು, ನಾನು ಮುಂದೆ ತೀರಿಸಬೇಕಾದ ಹೊಸದು ಎಷ್ಟು ಎಂದು ಬೇರೆ ಬೇರೆ ಬರೆದಿದ್ದೇನೆ. ಹಳೆಯದನ್ನು ಸಂಘದ ಸಾಲಕ್ಕೆ ಕಟ್ಟಿದೆ. ಹೊಸದು ಅಂಚೆ ಕಚೇರಿಯಲ್ಲಿದೆ. ಗಿರಣಿ ಚೆನ್ನಾಗಿ ತಿರುಗುತ್ತಿದೆ. "ಯಾರದು ಮೊದ್ಲು?" ಎಂದು ದಿನಕ್ಕೆ ಐವತ್ತು ಸಲ ಕೇಳುತ್ತೇನೆ, ಒಬ್ಬರೇ ಇದ್ದರೂ ಕೇಳುತ್ತೇನೆ.

ಹೊಸದರಲ್ಲಿ ನಿಮ್ಮ ಹೆಸರೂ ಇದೆ. ಅದೇ ಈಗ ನಮ್ಮ ತಲೆನೋವು. ಪೂಜೆಯ ರಾತ್ರಿ ಪಾತ್ರೆ ತೊಳೆಯುವಾಗ ಹುಲಿಗೆಮ್ಮಕ್ಕ ಕೇಳಿದರು: "ಆಯಮ್ಮಂದು ಹೆಂಗೆ ತೀರ್ಸ್ತೀಯೇ? ಅವ್ರ ಮನ್ಯಾಗ ಕಾರ್ಯನೇ ಇಲ್ಲಲ್ಲ." ನೀವು ಬರೆದ ಖಾಲಿ ಪುಟಗಳ ಸಂಗತಿಯನ್ನು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಮುಂದಿನ ಕೋಣೆಯ ಸಂಗತಿ ಹೇಳಿದೆ. ಸೊರಬದಲ್ಲಿ ತರಗತಿ ಶುರು ಮಾಡಬೇಕೆಂದು ಡಿಸೆಂಬರಿನಲ್ಲೇ ಬರೆದಿದ್ದಿರಲ್ಲ. ಶುರು ಮಾಡುವುದು ಕಾರ್ಯ ಅಲ್ಲವೇನು?

ಮೇ ನಾಲ್ಕು, ಭಾನುವಾರ. ನಾವು ಹದಿನಾಲ್ಕು ಜನ ಬೆಳಗಿನ ಬಸ್ಸಿಗೆ ಹೊರಡುತ್ತೇವೆ. ರೊಟ್ಟಿ, ಪಲ್ಯ, ಚಟ್ನಿಪುಡಿ ನಮ್ಮದು, ಹಿಟ್ಟು ನನ್ನ ಗಿರಣಿಯದು. ನೀವು ಒಂದು ಮೇಜು, ಒಂದು ಹೊಸ ನೋಟ್‌ಬುಕ್ಕು ಇಡಿ. ಬೀದಿಯವರನ್ನೆಲ್ಲ ಕರೆಯಿರಿ, ನಿಮ್ಮ ಹೆಸರಿನಲ್ಲೇ ಕರೆಯಿರಿ.

ಮೈಕು ಬೇಡ. ಕೂಗಲು ನಾನಿದ್ದೇನೆ.

ನಿಮ್ಮ,
ಲೋಕಮ್ಮ


ಸೊರಬ
24 ಏಪ್ರಿಲ್ 2025

ಲೋಕಮ್ಮ,

ನೋಟ್‌ಬುಕ್ಕು ತಂದೆ. ಅಂಗಡಿಯವನು ನೂರು ಪುಟದ್ದು ಸಾಕೇ ಎಂದ. ಇನ್ನೂರು ಪುಟದ್ದು ಕೊಡು ಎಂದೆ. ಪುಟದ ನಡುವೆ ಗೆರೆ ಎಳೆದು, ಬಲಗಡೆಯ ಮೊದಲ ಸಾಲಿನಲ್ಲಿ ಬರೆದಿದ್ದೇನೆ: ತಾಳಗುಂದದ ಲೋಕಮ್ಮನ ಗಿರಣಿ ಪೂಜೆ, 1,001. ಅದನ್ನು ಬರೆಯುವಾಗ ಹಳೆಯ ಪುಸ್ತಕ ರದ್ದಿಗೆ ಹಾಕಿದ್ದಕ್ಕೆ ಮೊದಲ ಸಲ ಬೇಸರವಾಗಲಿಲ್ಲ.

ಆ ದಿನ ಬಸ್ ಸ್ಟಾಪಿನಲ್ಲಿ ಮೈಕು ಕೇಳಿಸಿತ್ತು. ಬಸ್ಸು ಬಂದು ನಿಂತರೂ ಹತ್ತದೆ ನಿಂತಿದ್ದೆ, ಕಂಡಕ್ಟರು ಬೈದ.

ನಿನ್ನೆ ಬೀದಿಯ ಹದಿನೆಂಟು ಮನೆಗೂ ಹೋಗಿ ಕರೆದು ಬಂದೆ. "ನಮ್ಮ ಮನೆಯಲ್ಲಿ ಒಂದು ಕಾರ್ಯ ಇಟ್ಟುಕೊಂಡಿದ್ದೇನೆ, ಬರಬೇಕು" ಎಂದು ಹೇಳುವುದು ನನಗೆ ಅಭ್ಯಾಸವಿಲ್ಲ. ಮೊದಲ ಮನೆಯಲ್ಲಿ ಕಾರ್ಯ ಏನೆಂದು ಹೇಳುವುದನ್ನೇ ಮರೆತೆ. ಐದನೇ ಮನೆಯ ಹೊತ್ತಿಗೆ ಸರಿಹೋಯಿತು. ಕೊನೆಯ ಮನೆಯ ವಾಗ್ದೇವಿ ಟೀಚರು ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡು, "ಶ್ರೀವಾಣಿ, ನಮ್ಮ ಹುಡುಗಿ ಮದುವೆಗೆ ನೀನು ಮಾಡಿದ ಮುಯ್ಯಿ ನನ್ನ ಪುಸ್ತಕದಲ್ಲಿ ಹಾಗೇ ಇದೆ ಮಾರಾಯ್ತಿ. ಹತ್ತೊಂಬತ್ತು ವರ್ಷದಿಂದ ನೀನು ಕರೆಯುವುದನ್ನೇ ಕಾಯ್ತಾ ಇದ್ದೆ" ಎಂದರು.

ಬೆಳಗಿನ ಬಸ್ಸಿಗೇ ಬನ್ನಿ. ಮತ್ತೆ ಲೋಕಮ್ಮ, ಜೋರಾಗಿ ಕೂಗು. ಬೀದಿಯ ಆ ತುದಿಗೆ ಕೇಳಬೇಕು.

ನಿನ್ನ ಅಕ್ಕ,
ಶ್ರೀವಾಣಿ